ಸೇತುವೆಯಾಚೆಯ ಮನೆಗಳು: ಸೈನಿಕ ಜಾರ್ಜ್ ಪ್ರೈಸ್ ಸಾವಿನ ಪ್ರಕರಣ

ಕಾಲುವೆಯ ಆಚೆ ದಡದ ಮನೆಗಳ ಮಾಡಿನ ಕೆಳಗೆ ಅಲ್ಲಲ್ಲಿ ಇಟ್ಟಿಗೆಗಳನ್ನು ತೆಗೆಯಲಾಗಿತ್ತು. ಗುಂಡು ಬಿದ್ದು ಒಡೆದ ಗೋಡೆಗೂ, ಒಳಗಿನಿಂದ ಯಾರೋ ಬೇಕೆಂದೇ ಇಟ್ಟಿಗೆ ಕಿತ್ತ ಗೋಡೆಗೂ ವ್ಯತ್ಯಾಸವಿದೆ. ಯುದ್ಧಭೂಮಿಯಲ್ಲಿ ಕೆಲವು ವಾರ ಕಳೆದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬಂದೂಕಿನ ನಳಿಕೆ ತೂರಿಸಲು ಮಾಡಿದ ಕಿಂಡಿಗಳವು. 1918ರ ನವೆಂಬರ್ 11ರ ಬೆಳಿಗ್ಗೆ, ಬೆಲ್ಜಿಯಂನ ಮೋನ್ಸ್ ನಗರದ ಪೂರ್ವಕ್ಕಿರುವ ಹಾವ್ರೆ ಎಂಬಲ್ಲಿ, ಕೆನಡಾದ 28ನೇ ಬೆಟಾಲಿಯನ್ನಿನ ಇಬ್ಬರು ಸಾಮಾನ್ಯ ಸೈನಿಕರು ಆ ಕಿಂಡಿಗಳನ್ನು ನೋಡಿದರು. ಒಬ್ಬನ ಹೆಸರು ಆರ್ಟ್ ಗುಡ್‌ಮರ್ಫಿ, ಇನ್ನೊಬ್ಬ ಜಾರ್ಜ್ ಲಾರೆನ್ಸ್ ಪ್ರೈಸ್.

ಪ್ರೈಸ್ ಸತ್ತ ಸಮಯ 10 ಗಂಟೆ 58 ನಿಮಿಷ. ಮೊದಲನೇ ಮಹಾಯುದ್ಧ ನಿಂತದ್ದು ಹನ್ನೊಂದಕ್ಕೆ. ಈ ಎರಡು ನಿಮಿಷದ ಅಂತರವೇ ಅವನನ್ನು ಪ್ರಸಿದ್ಧನನ್ನಾಗಿ ಮಾಡಿತು. ಪ್ರತಿ ನವೆಂಬರ್‌ನಲ್ಲಿ ಅವನ ಕಥೆ ಹೇಳುವವರು ಅಲ್ಲಿಗೇ ಬಂದು ನಿಟ್ಟುಸಿರು ಬಿಡುತ್ತಾರೆ. ನನಗೆ ಮಾತ್ರ ಆ ಎರಡು ನಿಮಿಷಕ್ಕಿಂತ ಕಿತ್ತ ಇಟ್ಟಿಗೆಗಳೇ ಮುಖ್ಯವಾಗಿ ಕಾಣುತ್ತವೆ. ಅವನು ಸೇತುವೆ ದಾಟಿದ್ದು ಅವುಗಳಿಗಾಗಿ. ಅವನ ಸಾವಿಗೆ ಹೊಣೆ ಯಾರೆಂದು ಕೇಳುವವರು ಮೊದಲು ಅವನು ಅಲ್ಲಿಗೆ ಹೋದದ್ದು ಏಕೆಂದು ಕೇಳಬೇಕು.

ಸೇಬಿನ ಕಣಿವೆಯಿಂದ ಗೋಧಿಯ ಬಯಲಿಗೆ

ಪ್ರೈಸ್ ಹುಟ್ಟಿದ್ದು 1892ರ ಡಿಸೆಂಬರ್ 15ರಂದು, ಕೆನಡಾದ ಪೂರ್ವದ ಅಂಚಿನಲ್ಲಿ ಅಟ್ಲಾಂಟಿಕ್‌ಗೆ ಚಾಚಿಕೊಂಡಿರುವ ನೋವಾ ಸ್ಕೋಶಿಯಾದ ಫಾಲ್ಮತ್‌ನಲ್ಲಿ. ಬೆಳೆದದ್ದು ಅದೇ ಕಡೆಯ ಪೋರ್ಟ್ ವಿಲಿಯಮ್ಸ್‌ನಲ್ಲಿ. ಅನ್ನಾಪೊಲಿಸ್ ಕಣಿವೆಯ ಊರುಗಳಿವು, ಸೇಬಿನ ತೋಟಗಳಿಗೆ ಹೆಸರಾದವು. ಪಕ್ಕದಲ್ಲೇ ಇರುವ ಫಂಡಿ ಕೊಲ್ಲಿಯಲ್ಲಿ ಸಮುದ್ರದ ಉಬ್ಬರ ಇಳಿತ ಜಗತ್ತಿನಲ್ಲೇ ಅತಿ ಹೆಚ್ಚು. ಹಿಂದೆ ಅಲ್ಲಿ ನೆಲೆಸಿದ್ದ ಫ್ರೆಂಚ್ ಮೂಲದ ಅಕೇಡಿಯನ್ ರೈತರು ಒಡ್ಡು ಕಟ್ಟಿ ಸಮುದ್ರದಿಂದ ಬಿಡಿಸಿಕೊಂಡ ಹೊಲಗಳಲ್ಲಿ ಇಂದಿಗೂ ಬೇಸಾಯ ನಡೆಯುತ್ತದೆ. ಹರೆಯದಲ್ಲಿ ಪ್ರೈಸ್ ಆ ಊರು ಬಿಟ್ಟ. ದೇಶದ ಅರ್ಧಕ್ಕಿಂತ ಹೆಚ್ಚು ಅಗಲವನ್ನು ದಾಟಿ ಸಸ್ಕಾಚೆವಾನ್ ಪ್ರಾಂತ್ಯದ ಮೂಸ್ ಜಾ ಎಂಬ ಪಟ್ಟಣ ಸೇರಿದ. ಕಣ್ಣು ಹಾಯಿಸಿದಷ್ಟೂ ಗೋಧಿ, ನಡುವೆ ರೈಲು ಹಳಿ, ಹಳಿಯ ಪಕ್ಕದಲ್ಲಿ ಧಾನ್ಯದ ಕಣಜಗಳು. ಆ ಕಾಲದಲ್ಲಿ ಪೂರ್ವದ ಊರುಗಳ ಹುಡುಗರಿಗೆ ಪಶ್ಚಿಮದ ಬಯಲೆಂದರೆ ಕೆಲಸ, ಕೂಲಿ, ಸ್ವಂತ ಕಾಲ ಮೇಲೆ ನಿಲ್ಲುವ ಅವಕಾಶ.

ಸಾಮಾನ್ಯನೊಬ್ಬ ಇತಿಹಾಸಕ್ಕೆ ಸೇರುವುದು ಎಷ್ಟು ಕಡಿಮೆ ಕಾಗದದೊಂದಿಗೆ ಎಂಬುದಕ್ಕೆ ಪ್ರೈಸ್ ಒಳ್ಳೆಯ ಉದಾಹರಣೆ. ಜನ್ಮದಿನಾಂಕ, ಊರು, ಸೇನೆಯ ಸಂಖ್ಯೆ 256265, ಆಸ್ಪತ್ರೆಯ ನಮೂದು, ಸಾವಿನ ನಮೂದು. ಅವನು ಏನು ಹಾಡುತ್ತಿದ್ದ, ಯಾರ ಮೇಲೆ ಮುನಿಸಿಕೊಳ್ಳುತ್ತಿದ್ದ, ಗೋಧಿಯ ಬಯಲಿನಲ್ಲಿ ನಿಂತು ಸಮುದ್ರವನ್ನು ನೆನೆಯುತ್ತಿದ್ದನೇ ಎಂಬುದಕ್ಕೆ ಸೇನೆಯ ಕಡತದಲ್ಲಿ ಅಂಕಣವಿರುವುದಿಲ್ಲ. ಸಾವು ಹತ್ತು ನಿಮಿಷ ಮೊದಲೇ ಬಂದಿದ್ದರೆ ಈ ನಾಲ್ಕು ಸಾಲೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅವನು ತಾನಾಗಿ ಸೇನೆ ಸೇರಿದವನಲ್ಲ. 1914ರಲ್ಲಿ ಯುದ್ಧ ಆರಂಭವಾದಾಗ ಕೆನಡಾದಲ್ಲಿ ಭರ್ತಿ ಕೇಂದ್ರಗಳ ಮುಂದೆ ಸಾಲು ನಿಂತಿತ್ತು. 1917ರ ಹೊತ್ತಿಗೆ ಆ ಸಾಲು ಕರಗಿತ್ತು, ಗಾಯಾಳುಗಳ ಪಟ್ಟಿ ಬೆಳೆಯುತ್ತಲೇ ಇತ್ತು. ಆ ವರ್ಷದ ಆಗಸ್ಟ್‌ನಲ್ಲಿ ಪ್ರಧಾನಿ ರಾಬರ್ಟ್ ಬೋರ್ಡನ್ ಅವರ ಸರ್ಕಾರ ಕಡ್ಡಾಯ ಸೇನಾಭರ್ತಿಯ ಕಾಯ್ದೆ ತಂದಿತು. ಮೊದಲ ವರ್ಗದಲ್ಲಿ ಸಿಕ್ಕಿಬಿದ್ದವರು ಇಪ್ಪತ್ತರಿಂದ ಮೂವತ್ತನಾಲ್ಕು ವಯಸ್ಸಿನ ಅವಿವಾಹಿತರು ಮತ್ತು ಮಕ್ಕಳಿಲ್ಲದ ವಿಧುರರು. ಕಾಯ್ದೆಯ ಸುತ್ತ ದೇಶ ಎರಡು ಭಾಗವಾಯಿತು. ಫ್ರೆಂಚ್ ಮಾತನಾಡುವ ಕ್ವಿಬೆಕ್‌ನಲ್ಲಿ 1918ರ ಈಸ್ಟರ್ ಹೊತ್ತಿಗೆ ಗಲಭೆಯೆದ್ದು ಸೈನಿಕರ ಗುಂಡಿಗೆ ನಾಗರಿಕರು ಬಲಿಯಾದರು. ಹೆಸರು ನೋಂದಾಯಿಸಿದ ಸುಮಾರು ನಾಲ್ಕು ಲಕ್ಷ ಯುವಕರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ವಿನಾಯಿತಿ ಕೋರಿದರು. ಇಷ್ಟೆಲ್ಲ ಗದ್ದಲದ ನಂತರ ಯುದ್ಧ ಮುಗಿಯುವುದರೊಳಗೆ ಫ್ರಾನ್ಸಿನ ರಣರಂಗ ತಲುಪಿದ ಕಡ್ಡಾಯ ಸೈನಿಕರು ಸುಮಾರು 24 ಸಾವಿರ ಮಾತ್ರ. ಈ ಸಣ್ಣ ಗುಂಪಿನಲ್ಲಿ ಪ್ರೈಸ್ ಒಬ್ಬ. 1917ರ ಅಕ್ಟೋಬರ್‌ನಲ್ಲಿ ಸೇನೆ ಅವನನ್ನು ತೆಗೆದುಕೊಂಡಿತು. ವಯಸ್ಸು ಇಪ್ಪತ್ತನಾಲ್ಕು, ಮದುವೆಯಾಗಿರಲಿಲ್ಲ.

ಕಡ್ಡಾಯದಿಂದ ಬಂದವರನ್ನು ಹಳೆಯ ಸೈನಿಕರು ಕೀಳಾಗಿ ಕಂಡದ್ದುಂಟು, ನಂತರದ ಬರಹಗಳಲ್ಲಿಯೂ ಆ ಧೋರಣೆ ಕೆಲಕಾಲ ಉಳಿಯಿತು. ಎಳೆದು ತಂದವರು ಹೇಗೆ ಹೋರಾಡಿಯಾರು ಎಂಬ ಅನುಮಾನ. ಪ್ರೈಸ್‌ನ ಕೊನೆಯ ಗಂಟೆಯನ್ನು ಓದುವಾಗ ಈ ಮಾತು ನೆನಪಿನಲ್ಲಿರಲಿ.

1918ರ ಆಗಸ್ಟ್ 8ರಂದು ಆಮಿಯೆನ್‌ನಲ್ಲಿ ಆರಂಭವಾದ ದಾಳಿಯಿಂದ ಯುದ್ಧ ಮುಗಿಯುವವರೆಗಿನ ಅವಧಿಯನ್ನು ಕೆನಡಾದವರು ‘ನೂರು ದಿನಗಳು’ ಎನ್ನುತ್ತಾರೆ. ಗೆದ್ದ ದಿನಗಳೇ, ಆದರೆ ಆ ನೂರು ದಿನಗಳಲ್ಲಿ ಕೆನಡಾದ ಸತ್ತವರು ಮತ್ತು ಗಾಯಗೊಂಡವರ ಸಂಖ್ಯೆ ಸುಮಾರು 45 ಸಾವಿರ. ಸೆಪ್ಟೆಂಬರ್‌ನಲ್ಲಿ ಪ್ರೈಸ್‌ಗೆ ವಿಷಾನಿಲ ತಗುಲಿತು. ಆಸ್ಪತ್ರೆ ಸೇರಿ, ತಿಂಗಳ ಕೊನೆಯಲ್ಲಿ ತನ್ನ ಬೆಟಾಲಿಯನ್ನಿಗೆ ಮರಳಿದ. ಅನಿಲ ಕುಡಿದ ಶ್ವಾಸಕೋಶಕ್ಕೆ ಕೆಲವೇ ವಾರಗಳ ವಿಶ್ರಾಂತಿ ಸಾಲದು. ಅವನಿಗೆ ಸಿಕ್ಕಿದ್ದು ಅಷ್ಟೇ.

ಸಹಿಯಿಂದ ಹನ್ನೊಂದರವರೆಗೆ

ಹನ್ನೊಂದನೇ ತಿಂಗಳ ಹನ್ನೊಂದನೇ ದಿನದ ಹನ್ನೊಂದನೇ ಗಂಟೆ ಎಂಬುದು ಕೇಳಲು ಯಾರೋ ಪ್ರಾಸ ಕೂಡಿಸಿ ಆರಿಸಿದಂತಿದೆ. ಅದರ ಹಿಂದಿದ್ದದ್ದು ಒಣ ಲೆಕ್ಕ. ನವೆಂಬರ್ 8ರ ಬೆಳಿಗ್ಗೆ ಫ್ರಾನ್ಸಿನ ಕಾಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲು ಬೋಗಿಯೊಳಗೆ ಮಿತ್ರಪಡೆಗಳ ಮಹಾದಂಡನಾಯಕ ಮಾರ್ಷಲ್ ಫೋಶ್ ಜರ್ಮನ್ ನಿಯೋಗಕ್ಕೆ ಷರತ್ತುಗಳನ್ನು ಓದಿಸಿದರು. ಒಪ್ಪಿಕೊಳ್ಳಲು 72 ಗಂಟೆಗಳ ಗಡುವು. ಆ ಗಡುವು ಮುಗಿಯುವುದು 11ರ ಬೆಳಿಗ್ಗೆ ಹನ್ನೊಂದಕ್ಕೆ. ಮಾತುಕತೆ ನಡೆಯುವಷ್ಟು ಕಾಲವಾದರೂ ಗುಂಡಿನ ದಾಳಿ ನಿಲ್ಲಿಸಿ ಎಂದು ನಿಯೋಗದ ಮುಖ್ಯಸ್ಥ ಮಾಟಿಯಾಸ್ ಎರ್ಜ್‌ಬರ್ಗರ್ ಕೇಳಿಕೊಂಡರು. ಫೋಶ್ ಒಪ್ಪಲಿಲ್ಲ. ಬಿಡುವು ಕೊಟ್ಟರೆ ಶತ್ರು ಸಾವರಿಸಿಕೊಳ್ಳುತ್ತಾನೆ, ಒತ್ತಡ ಸಡಿಲಿಸಿದರೆ ಸಹಿ ಬೀಳುವುದಿಲ್ಲ ಎಂಬುದು ಅವರ ನಿಲುವು.

ಸಹಿ ಬಿದ್ದದ್ದು 11ರ ಬೆಳಗಿನ ಜಾವ ಐದು ಗಂಟೆ ಕಳೆದ ಮೇಲೆ. ಅಲ್ಲಿಂದ ಹನ್ನೊಂದಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಸಹಿ ಬಿದ್ದ ಮೇಲೆ ಕೊಲ್ಲುವುದಕ್ಕೆ ಯಾವ ಅರ್ಥವೂ ಉಳಿದಿರಲಿಲ್ಲ, ಕೊಲ್ಲುವುದು ನಿಂತಿರಲೂ ಇಲ್ಲ. ಎರಡೂ ಪಕ್ಷ ಸೇರಿ ಆ ಒಂದೇ ದಿನ ಸತ್ತವರು ಎರಡು ಸಾವಿರಕ್ಕೂ ಹೆಚ್ಚು ಎಂಬ ಅಂದಾಜಿದೆ.

ಕೆನಡಾ ಕೋರ್‌ನ, ಅಂದರೆ ರಣರಂಗದಲ್ಲಿದ್ದ ಕೆನಡಾದ ಸೇನಾದಳದ, ಕೇಂದ್ರಕ್ಕೆ ಸುದ್ದಿ ಮುಟ್ಟಿದ್ದು ಬೆಳಿಗ್ಗೆ ಆರೂವರೆಯ ಸುಮಾರಿಗೆ. ಹನ್ನೊಂದು ಗಂಟೆಗೆ ಕಾದಾಟ ನಿಲ್ಲುತ್ತದೆ, ಆ ಹೊತ್ತಿಗೆ ಯಾವ ಗೆರೆ ಮುಟ್ಟಿರುತ್ತೀರೋ ಅಲ್ಲಿಯೇ ನಿಲ್ಲಿ ಎಂಬುದು ಆಜ್ಞೆಯ ತಿರುಳು. ಈ ವಾಕ್ಯವನ್ನು ಎರಡು ಬಾರಿ ಓದಿಕೊಳ್ಳಬೇಕು. ಹನ್ನೊಂದಾದ ಮೇಲೆ ಏನು ಮಾಡಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಹನ್ನೊಂದಕ್ಕೆ ಮೊದಲು ಏನು ಮಾಡಬಾರದೆಂದು ಹೇಳುವುದಿಲ್ಲ. ಮುಟ್ಟಿದ ಗೆರೆಯಲ್ಲಿ ನಿಲ್ಲಿ ಎಂದರೆ, ಅಲ್ಲಿಯವರೆಗೆ ಗೆರೆ ಮುಂದಕ್ಕೆ ಸರಿಯುತ್ತಿರಬಹುದು ಎಂದೇ ಅರ್ಥ. 28ನೇ ಬೆಟಾಲಿಯನ್ ನಸುಕಿನಿಂದ ಮಾಡುತ್ತಿದ್ದದ್ದೂ ಅದನ್ನೇ. ಮೋನ್ಸ್ ನಗರದ ದಕ್ಷಿಣದ ಹಳ್ಳಿಗಳನ್ನು ಹಾದು, ಸೇಂಟ್ ಸಿಂಫೋರಿಯನ್ ದಾಟಿ, ಹಾವ್ರೆಯ ಬಳಿ ಕಾಲುವೆಯ ಸೇತುವೆಗಳತ್ತ ಬಂದಿತ್ತು.

ನಾಲ್ಕೈದು ಮನೆ, ಒಂದು ಬೀದಿ

ಈಗ ಮತ್ತೆ ಇಟ್ಟಿಗೆಗಳಿಗೆ ಬರೋಣ.

ಕಾಲುವೆಯ ಈ ದಡದಲ್ಲಿ ಬೆಟಾಲಿಯನ್ ಬಯಲಾಗಿ ನಿಂತಿದೆ. ಆಚೆ ವಿಲ್-ಸುರ್-ಎನ್ ಎಂಬ ಹಳ್ಳಿ, ಕಿಂಡಿ ಕೊರೆದ ಮನೆಗಳು. ಅಲ್ಲಿ ಜರ್ಮನರು ಇದ್ದರೆ ಈ ದಡದವರೆಲ್ಲ ಅವರ ಗುರಿಯೊಳಗೆ. ಹೋಗಿ ನೋಡಿ ಬರುವುದು ವಾಸಿ ಎಂದು ಪ್ರೈಸ್ ಮತ್ತು ಗುಡ್‌ಮರ್ಫಿ ಮಾತನಾಡಿಕೊಂಡರು. ಇನ್ನೂ ಮೂವರು ಸೇರಿ ಐವರಾದರು. ಮೇಲಿನವರು ಯಾರೂ ಹೋಗಿ ಎಂದಿರಲಿಲ್ಲ, ತಾವಾಗಿಯೇ ಹೊರಟೆವು ಎಂದು ಗುಡ್‌ಮರ್ಫಿ ದಶಕಗಳ ನಂತರ ಹೇಳಿದ್ದಾನೆ.

ಐವರು ಸೇತುವೆ ದಾಟಿದರು. ಜರ್ಮನರು ಒಂದು ಇಟ್ಟಿಗೆ ಗೋಡೆಯ ಬಳಿ ಕಾಲುವೆಯತ್ತ ಮುಖ ಮಾಡಿ ಮಷಿನ್ ಗನ್‌ಗಳನ್ನು ಹೂಡುತ್ತಿದ್ದರು. ಅನುಮಾನ ನಿಜವಾಗಿತ್ತು. ಗುಂಡಿನ ಮಳೆಯಾಯಿತು, ಮನೆಯೊಂದರ ಗೋಡೆ ಮರೆಯಾಗಿ ಐವರನ್ನೂ ಕಾಯಿತು. ತಮ್ಮ ಜಾಗ ಬಯಲಾಯಿತು, ಪಕ್ಕದಿಂದ ಸುತ್ತುವರಿದರು ಎಂದು ತಿಳಿದು ಜರ್ಮನರು ಹಿಂದೆ ಸರಿಯತೊಡಗಿದರು. ಇವರು ಮನೆ ಮನೆ ಹೊಕ್ಕು ನೋಡಿದರು. ಒಂದು ಮನೆಯಲ್ಲಿದ್ದ ಬೆಲ್ಜಿಯನ್ ಕುಟುಂಬ, ಬೀದಿಗಿಳಿಯುವಾಗ ಜೋಪಾನ ಎಂದು ಎಚ್ಚರಿಸಿತು.

ಪ್ರೈಸ್ ಬಾಗಿಲಿನಿಂದ ಬೀದಿಗೆ ಕಾಲಿಟ್ಟ. ಸ್ನೈಪರ್‌ನ ಒಂದೇ ಗುಂಡು ಎದೆಗೆ ತಾಗಿತು. ಜೊತೆಗಾರರು ಅವನನ್ನು ಒಳಗೆ ಎಳೆದುಕೊಂಡರು. ಎದುರು ಮನೆಯಿಂದ ಶುಶ್ರೂಷೆ ಬಲ್ಲ ಯುವತಿಯೊಬ್ಬಳು ಗುಂಡು ಹಾರುತ್ತಿದ್ದ ಬೀದಿಯನ್ನು ದಾಟಿ ಓಡಿ ಬಂದಳು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನನ್ನ ಮಟ್ಟಿಗೆ ಆ ಬೆಳಗಿನ ದೊಡ್ಡ ಧೈರ್ಯ ಅವಳದ್ದು. ಸೈನಿಕರಿಗಾದರೂ ತರಬೇತಿ ಇತ್ತು, ಕೈಯಲ್ಲಿ ಬಂದೂಕು ಇತ್ತು. ಅವಳಿಗೆ ಅಂದು ಮನೆಯೊಳಗೆ ಕುಳಿತಿದ್ದರೆ ಸಾಕಿತ್ತು, ನಾಲ್ಕು ವರ್ಷ ಕಾದದ್ದು ಬಾಗಿಲಿಗೆ ಬರುವುದರಲ್ಲಿತ್ತು.

ಇನ್ನು 34 ದಿನ ಕಳೆದಿದ್ದರೆ ಪ್ರೈಸ್‌ಗೆ ಇಪ್ಪತ್ತಾರು ತುಂಬುತ್ತಿತ್ತು.

ಗುಡ್‌ಮರ್ಫಿಯ ಸಾಕ್ಷ್ಯವನ್ನು ಎಷ್ಟು ನಂಬಬಹುದು? ಹಳೆಯ ಸೈನಿಕರ ನೆನಪು ಹೇಳಿ ಹೇಳಿ ನುಣುಪಾಗುತ್ತದೆ, ಗಂಟೆ ನಿಮಿಷಗಳು ಅದಲುಬದಲಾಗುತ್ತವೆ. ಆದರೆ ನೆನಪು ಜಾರುವಾಗ ಸಾಮಾನ್ಯವಾಗಿ ಹೇಳುವವನಿಗೆ ಅನುಕೂಲವಾದ ಕಡೆಗೇ ಜಾರುತ್ತದೆ. ಸೇತುವೆ ದಾಟಲು ಅಧಿಕಾರಿಯೇ ಕಳಿಸಿದ ಎಂದಿದ್ದರೆ ಕೇಳುವವರೆಲ್ಲ ತಲೆದೂಗುತ್ತಿದ್ದರು, ಅವನ ಎದೆಯ ಭಾರವೂ ಇಳಿಯುತ್ತಿತ್ತು. ಅವನು ಹಾಗೆನ್ನಲಿಲ್ಲ. ಭಾರವನ್ನು ತನ್ನ ಮತ್ತು ಸತ್ತ ಗೆಳೆಯನ ಮೇಲೆಯೇ ಇಟ್ಟುಕೊಂಡ. ನ್ಯಾಯಾಲಯದಲ್ಲಾದರೂ ಇಂಥ ಹೇಳಿಕೆಗೆ ಹೆಚ್ಚು ಬೆಲೆ.

ಮೊಕದ್ದಮೆ

ಪ್ರೈಸ್‌ನ ಸಾವಿಗೆ ನೇರವಾಗಿ ಯಾರ ಮೇಲೂ ವಿಚಾರಣೆ ನಡೆಯಲಿಲ್ಲ. ಆದರೆ ಅವನು ಸತ್ತ ಆ ಬೆಳಗಿನ ಬಗ್ಗೆ ನಡೆಯಿತು, ಅದೂ ಕೆನಡಾದ ಸಣ್ಣ ಪಟ್ಟಣವೊಂದರ ನ್ಯಾಯಾಲಯದಲ್ಲಿ.

ಕೆನಡಾ ಕೋರ್‌ನ ದಂಡನಾಯಕ ಸರ್ ಆರ್ಥರ್ ಕರ್ರಿ ಮೋನ್ಸ್ ನಗರವನ್ನು ಹಿಡಿಯಲು ಸೈನ್ಯವನ್ನು ನೂಕಿದ್ದು ಕೇವಲ ಕೀರ್ತಿಗಾಗಿ ಎಂಬ ಮಾತು ಯುದ್ಧ ಮುಗಿದ ಕೂಡಲೇ ಹುಟ್ಟಿಕೊಂಡಿತ್ತು. ಮೋನ್ಸ್‌ಗೆ ಒಂದು ಸಾಂಕೇತಿಕ ಬೆಲೆ ಇದ್ದದ್ದು ನಿಜ. 1914ರ ಆಗಸ್ಟ್ 23ರಂದು ಬ್ರಿಟಿಷ್ ಸೈನ್ಯ ತನ್ನ ಮೊದಲ ದೊಡ್ಡ ಕದನ ಮಾಡಿ ಹಿಮ್ಮೆಟ್ಟಿದ್ದು ಅಲ್ಲಿಂದಲೇ. ಮಾಜಿ ರಕ್ಷಣಾ ಸಚಿವ ಸ್ಯಾಮ್ ಹ್ಯೂಸ್ 1919ರಲ್ಲಿ ಸಂಸತ್ತಿನೊಳಗೆ ಕರ್ರಿಯವರ ಮೇಲೆ ಹರಿಹಾಯ್ದರು. ಸದನದಲ್ಲಿ ಆಡಿದ ಮಾತಿಗೆ ಮೊಕದ್ದಮೆ ಹೂಡುವಂತಿರಲಿಲ್ಲ. 1927ರಲ್ಲಿ ಮೋನ್ಸ್‌ನಲ್ಲಿ ಕೆನಡಾದ ಸೈನಿಕರ ನೆನಪಿನ ಫಲಕ ಅನಾವರಣವಾದ ಸುದ್ದಿ ಬಂದಾಗ, ಆಂಟಾರಿಯೊದ ಪೋರ್ಟ್ ಹೋಪ್ ಎಂಬ ಊರಿನ ಪತ್ರಿಕೆ ಅದೇ ಆರೋಪವನ್ನು ಅಚ್ಚು ಹಾಕಿತು. ಆ ಹೊತ್ತಿಗೆ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಕರ್ರಿ ಮಾನನಷ್ಟದ ದಾವೆ ಹೂಡಿದರು. ಕೇಳಿದ ಪರಿಹಾರ 50 ಸಾವಿರ ಡಾಲರ್. 1928ರ ವಸಂತದಲ್ಲಿ ಕೋಬರ್ಗ್ ಪಟ್ಟಣದಲ್ಲಿ ವಿಚಾರಣೆ ನಡೆದು ಮಾಜಿ ಸೈನಿಕರು ಸಾಲುಸಾಲಾಗಿ ಬಂದು ಸಾಕ್ಷಿ ಹೇಳಿದರು. ಮುಗಿದ ಯುದ್ಧವನ್ನು ಮತ್ತೊಮ್ಮೆ ಗಂಟೆಗಂಟೆಯಾಗಿ ಬಿಡಿಸಿ ನೋಡಿದರು. ಜ್ಯೂರಿ ಕರ್ರಿಯವರ ಪರವಾಗಿ ತೀರ್ಪು ಕೊಟ್ಟಿತು, ಪರಿಹಾರ ಮಾತ್ರ 500 ಡಾಲರ್. ಗೆಲುವೆಂದರೆ ಗೆಲುವು. ಕೇಳಿದ್ದರ ನೂರರಲ್ಲಿ ಒಂದು ಪಾಲು ಕೊಟ್ಟ ಜ್ಯೂರಿಯ ಮನಸ್ಸಿನಲ್ಲಿ ಏನಿತ್ತೋ ಎಂದು ಓದುಗ ಯೋಚಿಸದೆ ಇರಲಾರ.

ಈ ಪ್ರಕರಣವನ್ನು ಪ್ರೈಸ್‌ಗೆ ಅನ್ವಯಿಸಿದರೆ ಎರಡೂ ಕಡೆಯ ವಕೀಲರಿಗೆ ತೊಡಕಾಗುತ್ತದೆ. ಕರ್ರಿಯವರನ್ನು ದೂರುವವರಿಗೆ ಪ್ರೈಸ್ ಒದಗುವುದಿಲ್ಲ. ಅವನು ಮೋನ್ಸ್ ನಗರಕ್ಕಾಗಿ ಸಾಯಲಿಲ್ಲ, ನಗರ ಆಗಲೇ ಕೆನಡಾದವರ ಕೈಗೆ ಬಂದಿತ್ತು. ಅವನು ದಾಟಿದ ಸೇತುವೆ ಯಾರ ಕೀರ್ತಿಗೂ ಬೇಕಾದದ್ದಲ್ಲ. ಕರ್ರಿಯವರನ್ನು ಸಮರ್ಥಿಸುವವರಿಗೂ ಅವನು ಒದಗುವುದಿಲ್ಲ. ಹನ್ನೊಂದಕ್ಕೆ ಎಲ್ಲ ಮುಗಿಯುತ್ತದೆ ಎಂದು ಆರೂವರೆಗೇ ತಿಳಿದಿದ್ದ ಮೇಲೆ, ಇದ್ದಲ್ಲಿಯೇ ಮರೆ ಹಿಡಿದು ಕುಳಿತುಕೊಳ್ಳಿ ಎಂಬ ಒಂದು ಸಾಲನ್ನು ಕೆಳಗೆ ಕಳಿಸಲು ಸಮಯವಿತ್ತು. ಆ ಸಾಲು ಇಲ್ಲದ ಕಡೆ ಪ್ರತಿಯೊಬ್ಬ ಸೈನಿಕನೂ ಉಳಿದ ಗಂಟೆಗಳನ್ನು ತನ್ನ ಸ್ವಂತ ಬುದ್ಧಿಯಿಂದ ತುಂಬಿಕೊಳ್ಳಬೇಕಾಯಿತು.

ಪ್ರೈಸ್ ಅದನ್ನು ತುಂಬಿದ್ದು ಹೇಗೆ ಎಂಬುದೇ ನನ್ನನ್ನು ಕಾಡುವುದು. ಹುಚ್ಚು ಸಾಹಸದಿಂದ ಅಲ್ಲ. ಹಗೆತನದಿಂದಲೂ ಅಲ್ಲ. ಕಿಂಡಿ ಕಂಡ ಕೂಡಲೇ ಈ ದಡದಲ್ಲಿ ನಿಂತ ತನ್ನವರ ಬಗ್ಗೆ ಆತಂಕಗೊಂಡು, ನೋಡಿ ಬರುತ್ತೇನೆಂದು ಹೊರಟ. ಒಂದು ವರ್ಷದ ಹಿಂದೆ ಸೇನೆ ಎಳೆದುಕೊಂಡು ಬಂದ ಹುಡುಗ ಅಷ್ಟರಲ್ಲಿ ಯಾರೂ ಹೇಳದೆಯೇ ಎಚ್ಚರಿಕೆಯ ಕೆಲಸ ಮಾಡುವ ಸೈನಿಕನಾಗಿದ್ದ. ಅವನ ಲೆಕ್ಕಾಚಾರ ಸರಿಯಾಗಿತ್ತು ಎಂಬುದು ಇನ್ನೂ ಕಹಿ: ಅಲ್ಲಿ ಮಷಿನ್ ಗನ್‌ಗಳಿದ್ದವು, ಅವು ಹಾವ್ರೆಯತ್ತಲೇ ತಿರುಗಿದ್ದವು. ಶಾಂತಿಯ ಗಡಿಯಾರ ಹಾಕಿ ನೋಡಿದರೆ ಅವನು ಹೋಗಬೇಕಾಗಿರಲಿಲ್ಲ. ಯುದ್ಧದ ಗಡಿಯಾರ ಹಾಕಿ ನೋಡಿದರೆ ಹೋಗದಿರುವುದು ತಪ್ಪಾಗುತ್ತಿತ್ತು. ಆ ಬೆಳಿಗ್ಗೆ ಎರಡು ಗಡಿಯಾರಗಳೂ ಒಟ್ಟಿಗೆ ಓಡುತ್ತಿದ್ದವು.

ಗುಂಡು ಹಾರಿಸಿದ ಜರ್ಮನ್ ಸೈನಿಕನನ್ನು ಕ್ರೂರಿ ಎನ್ನುವುದು ಸುಲಭ. ಅವನೂ ಹಿಂದೆ ಸರಿಯುತ್ತಿದ್ದ ತುಕಡಿಯ ಬೆನ್ನು ಕಾಯುತ್ತಿದ್ದವನು, ಅವನ ಕಣ್ಣಿಗೆ ಬಿದ್ದದ್ದು ತನ್ನವರನ್ನು ಬೆನ್ನಟ್ಟಿ ಬರುತ್ತಿರುವ ಬಂದೂಕುಧಾರಿ. ಬೀದಿಯ ಎರಡು ತುದಿಯಲ್ಲಿ ಇದ್ದದ್ದು ಒಂದೇ ಆತಂಕ.

ಕಡೆಯವನೆಂಬ ಬಿರುದು

‘ಕಡೆಯವನು’ ಎಂಬ ಮಾತನ್ನು ಸ್ವಲ್ಪ ಹುಷಾರಾಗಿ ಬಳಸಬೇಕು. ಪಶ್ಚಿಮ ರಣರಂಗದಲ್ಲಿ, ಕದನವಿರಾಮಕ್ಕೆ ಮುನ್ನ, ಬ್ರಿಟಿಷ್ ಸಾಮ್ರಾಜ್ಯದ ಸೈನಿಕರಲ್ಲಿ ಗುಂಡಿಗೆ ಬಲಿಯಾದ ಕೊನೆಯವನು ಪ್ರೈಸ್ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ಅವನ ನಂತರ, 10 ಗಂಟೆ 59 ನಿಮಿಷಕ್ಕೆ, ಅಮೆರಿಕದ ಹೆನ್ರಿ ಗುಂಥರ್ ಫ್ರಾನ್ಸಿನಲ್ಲಿ ಸತ್ತ. ಪೂರ್ವ ಆಫ್ರಿಕಾದಲ್ಲಂತೂ ಜರ್ಮನ್ ಪಡೆ ಶರಣಾದದ್ದು ನವೆಂಬರ್ 25ರಂದು. ಗಾಯಗೊಂಡವರು ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಸಾಯುತ್ತಲೇ ಇದ್ದರು, ಅವರಿಗೆ ಯಾವ ಬಿರುದೂ ಇಲ್ಲ. ಎಂಬತ್ತು ಲಕ್ಷ ಜನರೂ ಇರದಿದ್ದ ಕೆನಡಾ ಆ ಯುದ್ಧದಲ್ಲಿ 60 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಳೆದುಕೊಂಡಿತು.

ಪ್ರೈಸ್‌ನ ಸಮಾಧಿ ಇರುವುದು ಮೋನ್ಸ್ ಬಳಿಯ ಸೇಂಟ್ ಸಿಂಫೋರಿಯನ್ ಸೈನಿಕ ಸ್ಮಶಾನದಲ್ಲಿ. 1914ರಲ್ಲಿ ಅದನ್ನು ಆರಂಭಿಸಿದವರು ಜರ್ಮನರು, ತಮ್ಮವರನ್ನೂ ಎದುರಾಳಿಗಳನ್ನೂ ಅಲ್ಲಿಯೇ ಹೂಳಿದರು. ಮರಗಳ ನಡುವೆ ಏರಿಳಿಯುವ ಆ ಜಾಗದಲ್ಲಿ ಯುದ್ಧದ ಎರಡು ತುದಿಗಳೂ ಕಾಲ್ನಡಿಗೆಯ ಅಂತರದಲ್ಲಿವೆ. 1914ರ ಆಗಸ್ಟ್ 21ರಂದು ಸತ್ತ ಮೊದಲ ಬ್ರಿಟಿಷ್ ಸೈನಿಕ ಜಾನ್ ಪಾರ್ ಅಲ್ಲಿದ್ದಾನೆ. ಅವನ ಕಲ್ಲಿನ ಮೇಲೆ ವಯಸ್ಸು 20 ಎಂದಿದೆ, ನಿಜವಾಗಿ ಹದಿನೇಳು; ಸೇನೆ ಸೇರಲು ಸುಳ್ಳು ಹೇಳಿದ್ದ. ಅವನಿಗೆ ಎದುರಾಗಿ ಜಾರ್ಜ್ ಎಲಿಸನ್. 1914ರಲ್ಲಿ ಮೋನ್ಸ್‌ನಲ್ಲಿ ಹೋರಾಡಿ, ನಾಲ್ಕು ವರ್ಷ ಬದುಕುಳಿದು, ಕದನವಿರಾಮದ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಅದೇ ಮೋನ್ಸ್‌ನ ಹೊರವಲಯದಲ್ಲಿ ಸತ್ತವನು. ಕೆಲವೇ ಹೆಜ್ಜೆಗಳಾಚೆ ಪ್ರೈಸ್. ಪಾರ್ ಸತ್ತ ಓಬೂರ್‌ಗೂ ಪ್ರೈಸ್ ಸತ್ತ ಬೀದಿಗೂ ನಡುವೆ ಕೆಲವೇ ಕಿಲೋಮೀಟರ್. ನಾಲ್ಕು ವರ್ಷ, ಲಕ್ಷಾಂತರ ಹೆಣ, ಗೆರೆ ಸುತ್ತು ಹಾಕಿ ಹೊರಟಲ್ಲಿಗೇ ಬಂದಿತ್ತು.

ಅವನನ್ನು ಮೊದಲು ನೆನೆದವರು ಸರ್ಕಾರದವರಲ್ಲ, ಒಡನಾಡಿಗಳು. 1968ರ ನವೆಂಬರ್ 11ರಂದು, ಸರಿಯಾಗಿ ಐವತ್ತು ವರ್ಷಗಳ ನಂತರ, ಬೆಟಾಲಿಯನ್ನಿನಲ್ಲಿ ಬದುಕುಳಿದಿದ್ದವರು ವಿಲ್-ಸುರ್-ಎನ್‌ನಲ್ಲಿ ಅವನು ಬಿದ್ದ ಜಾಗದ ಹತ್ತಿರ ಮನೆಯೊಂದರ ಗೋಡೆಗೆ ಫಲಕ ಹಾಕಿಸಿದರು. ಅದರಲ್ಲಿ ಹೆಸರಿಗಿಂತ ಮುಂಚೆ ಅವನ ಸೇನಾ ಸಂಖ್ಯೆ ಇದೆ, ಕೆಳಗೆ 10.58 ಎಂಬ ಸಮಯ. ಆ ಮನೆ ಈಗಿಲ್ಲ, ಕೆಡವಿದ್ದಾರೆ. ಫಲಕವನ್ನು ಹತ್ತಿರದಲ್ಲಿ ಕಲ್ಲು ಮತ್ತು ಇಟ್ಟಿಗೆಯಿಂದ ಕಟ್ಟಿದ ಸ್ಮಾರಕಕ್ಕೆ ಸಾಗಿಸಲಾಗಿದೆ. 1991ರಲ್ಲಿ ಊರಿನವರು ಕಾಲುವೆಯ ಮೇಲೆ ಒಂದು ಕಾಲುಸೇತುವೆ ಕಟ್ಟಿ, ಆ ವರ್ಷದ ನವೆಂಬರ್ 11ರಂದು ಅದಕ್ಕೆ ಜಾರ್ಜ್ ಪ್ರೈಸ್ ಎಂದು ಹೆಸರಿಟ್ಟರು. ಅವನು ಓಡಿ ದಾಟಿದ ಕಾಲುವೆಯನ್ನು ಊರಿನವರು ಈಗ ಅದರ ಮೇಲೆ ನಡೆದು ದಾಟುತ್ತಾರೆ.